ಕಲ್ಲಿನವರೂ ಕಾಡಿನವರೂ ಒಂದೇ ಗೋಡೆಯ ಮುಂದೆ: ಹಾಸನದ ಜಂಟಿ ಪರಂಪರೆ ನಿರ್ವಹಣಾ ತರಬೇತಿ ಹೇಗಿದೆ?

ಹಾಸನದಲ್ಲಿ ತಂಗಿಸಿ, ಹಳೇಬೀಡು, ಬೇಲೂರು, ಸಕಲೇಶಪುರ, ಮೂಡಿಗೆರೆ ಸುತ್ತಿಸುವ 10 ದಿನಗಳ ತರಬೇತಿ ಇದು. ಪುರಾತತ್ವ ಸ್ಥಳವನ್ನೂ ಅದರ ಸುತ್ತಲಿನ ಕಾಡು, ಕೆರೆ, ಹುಲ್ಲುಗಾವಲನ್ನೂ ಎರಡು ಕಡತಗಳಲ್ಲಿ ಇಡದೆ ಒಂದೇ ಯೋಜನೆಯಲ್ಲಿ ನಿರ್ವಹಿಸುವುದು ಹೇಗೆ ಎಂದು ಈಗಾಗಲೇ ಕೆಲಸದಲ್ಲಿರುವವರಿಗೆ ಕಲಿಸುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸ್ಥಳದಲ್ಲಿ ನಿಂತು ಕಲಿಸುವ ಭಾಗ ಬಹಳ ಚೆನ್ನಾಗಿದೆ. ತರಗತಿಯ ಭಾಗ ಪರವಾಗಿಲ್ಲ. ಕಾನೂನು ಮತ್ತು ಅಂದಾಜುಪಟ್ಟಿ ಕಲಿಸುವಲ್ಲಿ ಸೋತಿದೆ. ತರಬೇತಿ ಮುಗಿದ ಮೇಲೆ ಕೇಳುವವರೇ ಇಲ್ಲ. ಇಷ್ಟಾದರೂ ಸಿಬ್ಬಂದಿಯನ್ನು ಕಳಿಸಬಹುದು, ಆದರೆ ಒಂದೇ ತಾಲ್ಲೂಕಿನಲ್ಲಿ ಕೆಲಸ ಮಾಡುವ, ಪುರಾತತ್ವ ಇಲಾಖೆಯ ಒಬ್ಬ ಸಂರಕ್ಷಣಾ ಸಹಾಯಕ ಮತ್ತು ಒಬ್ಬ ಉಪ ವಲಯ ಅರಣ್ಯಾಧಿಕಾರಿ ಜೋಡಿಯಾಗಿ ಹೋದರೆ ಮಾತ್ರ ಕೊಟ್ಟ ದುಡ್ಡು ದಕ್ಕುತ್ತದೆ. ಒಬ್ಬರೇ ಹೋಗಿ ಬಂದರೆ ಕಲಿತದ್ದನ್ನು ಜಾರಿಗೆ ತರಲು ಆ ಕಡೆಯ ಇಲಾಖೆಯಲ್ಲಿ ಮಾತು ಅರ್ಥವಾಗುವ ಇನ್ನೊಬ್ಬರು ಇರುವುದಿಲ್ಲ.

ಇಂಥ ತರಬೇತಿಗೆ ಹಾಸನ, ಚಿಕ್ಕಮಗಳೂರಿಗಿಂತ ಸರಿಯಾದ ಜಾಗ ರಾಜ್ಯದಲ್ಲಿ ಸಿಗುವುದು ಕಷ್ಟ. ಬೇಲೂರು, ಹಳೇಬೀಡಿನ ದೇವಾಲಯಗಳು ಸೋಮನಾಥಪುರದ ಜೊತೆ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲೇ, 2012ರಲ್ಲಿ, ಪಶ್ಚಿಮ ಘಟ್ಟದ 39 ತಾಣಗಳು ಸೇರಿದ್ದವು. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ರಾಷ್ಟ್ರೀಯ ಉದ್ಯಾನ ಅದರಲ್ಲಿದೆ. ಹೊಯ್ಸಳ ಗುಡಿಗಳನ್ನು ಸೇರಿಸಿದ್ದು ಸಾಂಸ್ಕೃತಿಕ ಮಾನದಂಡಗಳ ಮೇಲೆ, ಘಟ್ಟವನ್ನು ಸೇರಿಸಿದ್ದು ನೈಸರ್ಗಿಕ ಮಾನದಂಡಗಳ ಮೇಲೆ. ಕಾಗದದ ಮೇಲೆ ಇವೆರಡೂ ಬೇರೆ ಬೇರೆ ಲೋಕ. ನೆಲದ ಮೇಲೆ ನೋಡಿದರೆ ಹೊಯ್ಸಳರ ಮೂಲನೆಲೆಯಾದ ಅಂಗಡಿ ಎಂಬ ಗ್ರಾಮ ಇರುವುದು ಮೂಡಿಗೆರೆಯ ಕಾಡು, ಕಾಫಿ ತೋಟಗಳ ನಡುವೆ. ಅವರ ರಾಜಧಾನಿ ಹಳೇಬೀಡು ಇದ್ದದ್ದು ಒಂದು ದೊಡ್ಡ ಕೆರೆಯ ದಂಡೆಯಲ್ಲಿ. ಇಡೀ ದೇಶದಲ್ಲಿ ಎರಡೂ ಬಗೆಯ ಮಾನದಂಡಗಳಲ್ಲಿ ಒಟ್ಟಿಗೆ ಸೇರಿದ ತಾಣ ಒಂದೇ ಒಂದು, 2016ರಲ್ಲಿ ಸೇರಿದ ಸಿಕ್ಕಿಂನ ಕಾಂಚನಜುಂಗಾ. ಆದ್ದರಿಂದ ನಮ್ಮ ಅಧಿಕಾರಿಗಳಿಗೆ ಒಟ್ಟಾಗಿ ನಿರ್ವಹಿಸುವ ಅಭ್ಯಾಸವೇ ಬೆಳೆದಿಲ್ಲ.

ಪಾಠಕ್ರಮದ ಬೆನ್ನೆಲುಬು ಹೊಸದೇನಲ್ಲ. ಸಾಂಸ್ಕೃತಿಕ ಪರಂಪರೆಯ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಾಮ್ ಮತ್ತು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2016ರಿಂದ ಜಂಟಿಯಾಗಿ ನಡೆಸುತ್ತಿರುವ ಕಾರ್ಯಕ್ರಮದ ದಾರಿಯನ್ನೇ ಇಲ್ಲೂ ಹಿಡಿದಿದ್ದಾರೆ. ಮೊದಲ ಎರಡು ದಿನ ತರಗತಿ, ಆಮೇಲೆ ಆರು ದಿನ ಸ್ಥಳದಲ್ಲಿ, ಕೊನೆಯ ಎರಡು ದಿನ ಯೋಜನೆ ಬರೆಯುವುದು. ತರಗತಿಯಲ್ಲಿ ಉಪಯೋಗಕ್ಕೆ ಬರುವುದು ಮೂರು ಅಂಕಣದ ಒಂದು ಹಾಳೆ. ಮೊದಲ ಅಂಕಣದಲ್ಲಿ ಈ ಸ್ಥಳ ಯಾಕೆ ಮುಖ್ಯ ಎಂದು ಬರೆಯಬೇಕು, ಎರಡನೆಯದರಲ್ಲಿ ಆ ಮಹತ್ವ ಯಾವ ಯಾವ ವಸ್ತುವಿನಲ್ಲಿ ಕಣ್ಣಿಗೆ ಕಾಣುತ್ತದೆ ಎಂದು, ಮೂರನೆಯದರಲ್ಲಿ ಅದು ಕೆಡುತ್ತಿದೆಯೋ ಇಲ್ಲವೋ ಎಂಬುದನ್ನು ಯಾವ ಅಳತೆಯಿಂದ ತಿಳಿಯುವುದು ಎಂದು. ಹಳೇಬೀಡಿನ ಹಾಳೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಮೊದಲು ಶಿಲ್ಪಗಳನ್ನು ಬರೆದು ನಿಲ್ಲಿಸುತ್ತಾರೆ. ಆಗ ಕೆರೆಯ ಏರಿ, ತೂಬು, ಕೋಡಿ, ನೀರು ತರುತ್ತಿದ್ದ ಕಾಲುವೆ ಇವನ್ನೂ ಎರಡನೆಯ ಅಂಕಣಕ್ಕೆ ತರಿಸುತ್ತಾರೆ. ಮೂರನೆಯದರಲ್ಲಿ ನೀರಿನ ಮಟ್ಟ, ಏರಿಯ ಜಿನುಗು, ಜೊಂಡು ಹಬ್ಬಿದ ವಿಸ್ತೀರ್ಣ ಬರುತ್ತವೆ. ಈ ಹಾಳೆ ತುಂಬುವುದನ್ನು ಕಲಿತವರು ಯಾವ ಊರಿನ ಕೋಟೆಗೆ ಹೋದರೂ ಕೆಲಸ ಶುರುಮಾಡಬಲ್ಲರು. ಉಳಿದ ಉಪನ್ಯಾಸಗಳಲ್ಲಿ ಹಂಪಿಯದ್ದೊಂದು ಚೆನ್ನಾಗಿದೆ: ಸೇತುವೆ ಕಟ್ಟಲು ಹೋಗಿ 1999ರಲ್ಲಿ ಅಪಾಯದ ಪಟ್ಟಿಗೆ ಬಿದ್ದದ್ದು, 2002ರ ಕಾಯ್ದೆಯಡಿ ಪ್ರಾಧಿಕಾರ ಬಂದದ್ದು, 2006ರಲ್ಲಿ ಆ ಪಟ್ಟಿಯಿಂದ ಹೊರಬಂದದ್ದು. ಮಿಕ್ಕವು ಎಲ್ಲಿ ಬೇಕಾದರೂ ಸಿಗುವ ಸ್ಲೈಡುಗಳು.

ಮಂಜರಾಬಾದ್: ಗೋಡೆಯಲ್ಲಿ ಮರ

ಇಡೀ ತರಬೇತಿಯ ತಿರುಳು ಇಲ್ಲಿದೆ. ಸಕಲೇಶಪುರದ ಪಕ್ಕದ ಈ ನಕ್ಷತ್ರಾಕಾರದ ಕೋಟೆಯನ್ನು ಟಿಪ್ಪು ಸುಲ್ತಾನ್ 1792ರಲ್ಲಿ ಮುಗಿಸಿದ್ದು. ಎಂಟು ಮೂಲೆ, ಕಲ್ಲು ಮತ್ತು ಗಾರೆಯ ಗೋಡೆ, ಮಲೆನಾಡಿನ ಮಳೆ. ಹಕ್ಕಿಗಳು ಹಣ್ಣು ತಿಂದು ಹಾಕಿದ ಅರಳಿ, ಅತ್ತಿ, ಬಸರಿ ಬೀಜಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಸಂರಕ್ಷಣೆಯವರಿಗೆ ಅಲ್ಲಿ ಬೆಳೆಯುವ ಪ್ರತಿ ಗಿಡವೂ ಶತ್ರು. ಅರಣ್ಯದವರಿಗೆ ಅದು ಹಣ್ಣಿನ ಮರ, ಹಕ್ಕಿಗೆ ಆಹಾರ. ಇಬ್ಬರನ್ನೂ ಅದೇ ಗೋಡೆಯ ಮುಂದೆ ನಿಲ್ಲಿಸಿ, ಒಂದೇ ಕಾಗದದ ಮೇಲೆ ತೀರ್ಮಾನ ಬರೆಸುತ್ತಾರೆ. ಕೋಟೆಯಲ್ಲಿ ಯಾರೂ ಕತ್ತಿ ಮುಟ್ಟುವಂತಿಲ್ಲ. ಅಲ್ಲಿ ಫೋಟೊ, ರೇಖಾಚಿತ್ರ, ಅಳತೆ ಮಾತ್ರ. ಕೈಕೆಲಸ ಏನಿದ್ದರೂ ಹತ್ತಿರದ ಒಂದು ಕಾಫಿ ತೋಟದಲ್ಲಿರುವ, ಬಳಕೆ ಬಿಟ್ಟ ಹಳೇ ಕಲ್ಲುಗೋಡೆಯ ಮೇಲೆ. ಈ ವ್ಯವಸ್ಥೆ ನಮಗೆ ಬಹಳ ಹಿಡಿಸಿತು.

ಕಲಿಸುವ ಕ್ರಮ ಹೀಗಿದೆ. ಗಿಡವನ್ನು ಮುಟ್ಟುವ ಮೊದಲು ಅದರ ಸುತ್ತ ಒಂದು ಮೀಟರಿನ ಕಲ್ಲುಗಳಿಗೆಲ್ಲ ಸೀಮೆಸುಣ್ಣದಲ್ಲಿ ನಂಬರು ಬರೆದು ಎದುರಿನಿಂದ ನೇರವಾಗಿ ಫೋಟೊ ತೆಗೆಯಬೇಕು. ಬುಡ ಬೆರಳಿಗಿಂತ ಸಣ್ಣದಿದ್ದರೆ ಮಳೆ ನಿಂತ ಮರುದಿನ, ಸಂದಿನ ಮಣ್ಣು ಮೆದುವಾಗಿರುವಾಗ, ಬೇರು ಸಮೇತ ಕೈಯಲ್ಲೇ ಎಳೆಯುವುದು. ಬೆರಳಿಗಿಂತ ದಪ್ಪ, ಮಣಿಕಟ್ಟಿಗಿಂತ ಸಣ್ಣ ಇದ್ದರೆ ಎಳೆಯಕೂಡದು. ಗೋಡೆಯ ಮೇಲ್ಮೈಗೆ ಸರಿಯಾಗಿ ಗರಗಸದಲ್ಲಿ ಕುಯ್ದು, ಕುಯ್ದ ಕೂಡಲೇ ಬುಡಕ್ಕೆ ಮಾತ್ರ ಬ್ರಷ್ಷಿನಿಂದ ಕಳೆನಾಶಕ ಹಚ್ಚಬೇಕು. ಒಣಗಲು ಬಿಟ್ಟು ಆಮೇಲೆ ಹಚ್ಚಿದರೆ ಗಿಡ ಅದನ್ನು ಎಳೆದುಕೊಳ್ಳುವುದಿಲ್ಲ, ತಿಂಗಳೊಳಗೆ ಮತ್ತೆ ಚಿಗುರುತ್ತದೆ. ಸಿಂಪಡಿಸುವುದಂತೂ ಸಲ್ಲದು, ಕೆಳಗಿನ ಹುಲ್ಲು, ನೀರು ಎರಡೂ ಕೆಡುತ್ತವೆ.

ಮಣಿಕಟ್ಟಿಗಿಂತ ದಪ್ಪ ಬೇರು ಬಂದಾಗ ಪ್ರಶ್ನೆಯೇ ಬದಲಾಗುತ್ತದೆ. ಈಗ ಗೋಡೆಯನ್ನು ಒಡೆಯುತ್ತಿರುವುದೂ ಅದೇ ಬೇರು, ಹಿಡಿದಿಟ್ಟಿರುವುದೂ ಅದೇ ಬೇರು. ಇಂಥ ಮರವನ್ನು ಒಂದೇ ದಿನ ಕಡಿದು ಬೇರು ಕಿತ್ತ ಗೋಡೆಗಳು ಮುಂದಿನ ಮಳೆಗೆ ಕುಸಿಯುತ್ತವೆ. ಮೊದಲ ವರ್ಷ ಕೊಂಬೆಗಳನ್ನು ಮಾತ್ರ ಇಳಿಸಿ ಗಾಳಿಯ ಹೊಡೆತ ತಗ್ಗಿಸಬೇಕು. ಆಮೇಲೆ ಸಡಿಲಗೊಂಡ ಕಲ್ಲುಗಳಿಗೆ ಆನಿಕೆ ಕೊಟ್ಟು, ಕಾಂಡವನ್ನು ತುಂಡು ತುಂಡಾಗಿ ತೆಗೆಯಬೇಕು. ಒಳಗಿನ ಬೇರನ್ನು ಒಳಗೇ ಬಿಡಬೇಕು. ಅದು ಕೊಳೆಯುತ್ತಾ ಹೋದಂತೆ ಗೋಡೆಯೊಳಗೆ ಕೊಳವೆಯಂಥ ಪೊಳ್ಳು ಉಳಿಯುತ್ತದೆ, ಮಳೆನೀರು ಅದೇ ದಾರಿ ಹಿಡಿಯುತ್ತದೆ. ಅದಕ್ಕೆ ಎರಡನೆಯ, ಮೂರನೆಯ ಬೇಸಗೆಗಳಲ್ಲಿ ಸುಣ್ಣದ ತಿಳಿಗಾರೆ ಇಳಿಸಬೇಕು: 1 ಪಾಲು ನೆನೆಸಿದ ಸುಣ್ಣ, 1 ಪಾಲು ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿ. ಮೊದಲು ಪೊಳ್ಳಿಗೆ ನೀರು ಬಿಟ್ಟು ಒಳಗಿನ ಕಲ್ಲು ನೆನೆಸಿಕೊಳ್ಳದಿದ್ದರೆ ಒಣ ಕಲ್ಲು ಗಾರೆಯ ನೀರನ್ನೆಲ್ಲ ಹೀರಿ, ಗಾರೆ ಅರ್ಧದಾರಿಯಲ್ಲೇ ಕಟ್ಟಿಕೊಳ್ಳುತ್ತದೆ. ಕೆಳಗಿನ ತೂತಿನಿಂದ ಶುರುಮಾಡಿ, ಅದರ ಮೇಲಿನ ತೂತಿನಲ್ಲಿ ಗಾರೆ ಇಣುಕಿದ ಕೂಡಲೇ ನಿಲ್ಲಿಸಿ, ಮೇಲಕ್ಕೆ ಹೋಗಬೇಕು. ಪಂಪು ಬೇಡ, ಬಕೆಟ್ಟನ್ನು ಒಂದಾಳು ಎತ್ತರದಲ್ಲಿಟ್ಟು ಪೈಪು ಬಿಟ್ಟರೆ ಸಾಕು. ಒತ್ತಡ ಹೆಚ್ಚಾದರೆ ಹೊರಗಿನ ಕಲ್ಲುಗಳೇ ಮುಂದಕ್ಕೆ ಬರುತ್ತವೆ.

ಅರಣ್ಯದವರು ಈ ಚರ್ಚೆಗೆ ತರುವ ಲಾಭ ಸಣ್ಣದಲ್ಲ. ಮರ ತೆಗೆಯುವ ಎರಡು ಮಳೆಗಾಲ ಮೊದಲೇ, ಗೋಡೆಯಿಂದ ದೂರದಲ್ಲಿ ಅದೇ ಜಾತಿಯ ಸಸಿ ನೆಡಿಸುವುದು ಅವರ ಸೂಚನೆ. ಹಕ್ಕಿಗಳು ಕೂರುವ ಮರ ದೂರ ಹೋದರೆ ಗೋಡೆಯ ಮೇಲೆ ಬೀಳುವ ಬೀಜವೂ ಕಡಿಮೆಯಾಗುತ್ತದೆ. ಗಿಡ ಕೀಳುವುದನ್ನೇ ಪ್ರತಿವರ್ಷದ ಟೆಂಡರ್ ಮಾಡಿಕೊಂಡಿರುವ ಕಡೆ ಈ ಒಂದು ಸಾಲು ಸೇರಿಸಿದರೆ ಖರ್ಚು ಇಳಿಯುತ್ತದೆ.

ಬಿರುಕು ಅಳೆಯುವುದನ್ನೂ ಇಲ್ಲೇ ಕಲಿಸುತ್ತಾರೆ. ಬಿರುಕಿನ ಎರಡೂ ಬದಿಗೆ ಹಿತ್ತಾಳೆಯ ಗುಬ್ಬಿ ಕೂರಿಸಿ, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತಿಂಗಳಿಗೊಮ್ಮೆ ಓದುವುದು. ಪ್ರತಿಸಲವೂ ಬೆಳಗಿನ ಅದೇ ಹೊತ್ತಿಗೆ ಓದಬೇಕು, ಏಕೆಂದರೆ ಬಿಸಿಲಿಗೆ ಕಲ್ಲು ಹಿಗ್ಗುತ್ತದೆ. ಅರಣ್ಯ ಇಲಾಖೆಯ ಮಳೆಮಾಪಕದ ಲೆಕ್ಕವನ್ನು ಈ ಓದಿನ ಪಕ್ಕದಲ್ಲೇ ಬರೆಸುವುದು ಒಳ್ಳೆಯ ಯೋಚನೆ: ಬಿರುಕು ಮಳೆಯ ಜೊತೆ ಬಾಯಿಬಿಟ್ಟು ಬೇಸಗೆಯಲ್ಲಿ ಮುಚ್ಚಿಕೊಂಡರೆ ತೊಂದರೆ ನೀರಿನದು, ಒಂದೇ ದಿಕ್ಕಿಗೆ ಹೋಗುತ್ತಲೇ ಇದ್ದರೆ ಅಡಿಪಾಯದ್ದಿರಬಹುದು.

ಹಳೇಬೀಡು: ಕೆರೆಯ ಹೂಳು

ಕೆರೆ ಹೂಳೆತ್ತುವುದು ಎಲ್ಲರೂ ಮೆಚ್ಚುವ ಕೆಲಸ. ಆದರೆ 900 ವರ್ಷದ ಊರಿನ ಪಕ್ಕದ ಕೆರೆಯ ಅಂಗಳದಲ್ಲಿ ಜೆಸಿಬಿ ಇಳಿದರೆ ಏನೇನು ಹೋಗುತ್ತದೆ ಎಂಬುದನ್ನು ಈ ದಿನ ಕಣ್ಣಿಗೆ ಕಟ್ಟುವಂತೆ ತೋರಿಸುತ್ತಾರೆ. ಹೂಳಿನ ಪದರಗಳಲ್ಲಿ ಮಡಕೆ ಚೂರು, ಇಟ್ಟಿಗೆ, ಹಳೆಯ ತೂಬಿನ ಕಂಬ ಇರುತ್ತವೆ. ಏರಿಯ ಮೇಲೆ ವೀರಗಲ್ಲು, ಶಾಸನ ಇರುತ್ತವೆ. ಇನ್ನೊಂದು ಕಡೆ, ಅಂಚಿನ ಮೊಣಕಾಲುದ್ದ ನೀರಿನಲ್ಲಿ ಮೇಯುವ ಹಕ್ಕಿಗಳಿಗೆ ಬೇಕಾದದ್ದು ಇಳಿಜಾರಿನ ದಂಡೆ. ಬಟ್ಟಲಿನಂತೆ ಸಮನಾಗಿ ಕಡಿದ ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತದೆ, ಹಕ್ಕಿ ನಿಲ್ಲುವುದಿಲ್ಲ. ಪುರಾತತ್ವಕ್ಕೂ ಪ್ರಕೃತಿಗೂ ಆಗುವ ನಷ್ಟ ಒಂದೇ ಬಕೆಟ್ಟಿನ ಒಂದೇ ಏಟಿನಲ್ಲಿ ಆಗುತ್ತದೆ.

ತರಬೇತಿಯಲ್ಲಿ ಬರೆಸುವ ಕಾಮಗಾರಿ ವಿವರಣೆ ಹೀಗಿರುತ್ತದೆ: ಮೊದಲು ಏರಿಯ ಬುಡ, ತೂಬು, ಕೋಡಿ, ಹಳೇ ಮೆಟ್ಟಿಲು ಇವನ್ನು ಸರ್ವೆ ನಕ್ಷೆಯ ಮೇಲೆ ಗುರುತಿಸಿ ಸುತ್ತ ಯಂತ್ರ ಹೋಗದ ವಲಯ ಬಿಡುವುದು, ಏರಿಯ ಬುಡ ಕಡಿದರೆ ಏರಿಯೇ ಜಾರುತ್ತದೆ, ಇದು ಪುರಾತತ್ವ ಮಾತ್ರವಲ್ಲ, ಊರಿನ ಜೀವದ ಪ್ರಶ್ನೆ. ಆಮೇಲೆ ಅಂಗಳದಲ್ಲಿ ಅಲ್ಲಲ್ಲಿ ಒಂದು ಮೀಟರ್ ಚೌಕದ ಪರೀಕ್ಷಾ ಗುಂಡಿ ತೋಡಿ, ಮೇಲಿನ ಹೊಸ ಮೆಕ್ಕಲು ಎಷ್ಟು ಆಳದವರೆಗೆ ಇದೆ ಎಂದು ತಿಳಿಯುವುದು. ಆ ಮೆಕ್ಕಲು ಮಾತ್ರ ತೆಗೆಯುವುದು. ಹಲ್ಲಿಲ್ಲದ ಬಕೆಟ್ ಬಳಸುವುದು, ತೆಳು ಪದರಗಳಾಗಿ ಎಳೆಯುವುದು, ಕಲ್ಲು ಅಥವಾ ಚೂರು ಕಂಡ ಕೂಡಲೇ ಯಂತ್ರ ನಿಲ್ಲಿಸುವ ಅಧಿಕಾರ ಯಾರಿಗೆ ಎಂದು ಹೆಸರು ಸಮೇತ ಬರೆಯುವುದು. ಈ ಕೊನೆಯದನ್ನು ಬರೆಯದಿದ್ದರೆ ಉಳಿದದ್ದೆಲ್ಲ ವ್ಯರ್ಥ, ಏಕೆಂದರೆ ಯಂತ್ರದ ಬಾಡಿಗೆ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ, ಗುತ್ತಿಗೆದಾರ ತಾನಾಗಿ ನಿಲ್ಲಿಸುವುದಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಂಗಳದಲ್ಲಿ ಚರ್ಚೆ ತಿರುಗಿಬೀಳುತ್ತದೆ. ಇಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವವರು ಪುರಾತತ್ವದವರು. ಸ್ಮಾರಕದ ಸುತ್ತ ಹುಲ್ಲುಹಾಸು ಬೆಳೆಸಿ ದಿನವೂ ನೀರು ಹಾಯಿಸುವ ಪದ್ಧತಿಯನ್ನು ಅರಣ್ಯದವರು, ಸಸ್ಯಶಾಸ್ತ್ರದವರು ಸರಿಯಾಗಿಯೇ ಪ್ರಶ್ನಿಸುತ್ತಾರೆ. ನೀರು ಜಗತಿಯ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆಯ, ಬುಡಕ್ಕೆ ಇಳಿದು, ಕಲ್ಲಿನ ಮೂಲಕ ಮೇಲೇರಿ, ಆರಿದ ಮೇಲೆ ಲವಣ ಬಿಟ್ಟು ಹೋಗುತ್ತದೆ. ಆ ಲವಣದ ಹರಳು ಬೆಳೆದಾಗ ಕೆತ್ತನೆಯ ಮೇಲ್ಪದರ ಹಪ್ಪಳೆ ಎದ್ದು ಉದುರುತ್ತದೆ. ಬೋರ್‌ವೆಲ್ ನೀರಾದರೆ ಲವಣ ಇನ್ನೂ ಹೆಚ್ಚು. ಗೋಡೆಯ ಪಕ್ಕದ ಪಟ್ಟಿಯಲ್ಲಿ ನೀರು ಬೇಡದ ಸ್ಥಳೀಯ ಹುಲ್ಲು, ಅದರ ಹೊರಗೆ ಇಳಿಜಾರು ಕೊಟ್ಟ ತೆರೆದ ಚರಂಡಿ ಎಂಬ ತೀರ್ಮಾನಕ್ಕೆ ಇಬ್ಬರೂ ಬರುತ್ತಾರೆ. ಇಂಥ ಕಡೆ ತರಬೇತಿ ನಿಜವಾಗಿ ಗೆಲ್ಲುತ್ತದೆ.

ಬೇಲೂರಿನ ದಿನ ಇದರಷ್ಟು ಗಟ್ಟಿಯಿಲ್ಲ. 1117ರಲ್ಲಿ ಪ್ರತಿಷ್ಠೆಯಾಗಿ ಇಂದಿಗೂ ಪೂಜೆ ನಡೆಯುವ ಗುಡಿ ಚೆನ್ನಕೇಶವ. ಎಣ್ಣೆ, ಕರ್ಪೂರ, ಜನದಟ್ಟಣೆ ಬಗ್ಗೆ ಹೇಳಬೇಕಾದದ್ದು ಬಹಳ ಇತ್ತು. ಕಲ್ಲುಹೂವು ತೆಗೆಯುವ ಪಾಠ ಮಾತ್ರ ಸೊಗಸಾಗಿದೆ. ಬಳಪದ ಕಲ್ಲು ಮೆದು. ತಂತಿ ಬ್ರಷ್ಷು, ಒತ್ತಡದ ನೀರು ಎರಡೂ ಕೆತ್ತನೆಯ ಅಂಚನ್ನು ತಿನ್ನುತ್ತವೆ. ಒಣಗಿದ ಕಲ್ಲುಹೂವನ್ನು ಕೆರೆದರೆ ಅದರ ಎಳೆಗಳು ಕಲ್ಲಿನ ಕಣವನ್ನೂ ಹಿಡಿದುಕೊಂಡೇ ಬರುತ್ತವೆ. ನೀರಿನಲ್ಲಿ ನೆನೆಸಿ ಉಬ್ಬಿಸಿ, ಮರದ ಅಲಗಿನಿಂದ ಎಬ್ಬಿಸಿ, ನೈಲಾನ್ ಬ್ರಷ್ಷಿನಿಂದ ತೊಳೆಯಬೇಕು. ರಾಸಾಯನಿಕ ಬೇಕೇಬೇಕು ಎನಿಸಿದರೆ ಕಣ್ಣಿಗೆ ಬೀಳದ ಕಡೆ 10 ಸೆಂಟಿಮೀಟರ್ ಚೌಕದಲ್ಲಿ ಪ್ರಯೋಗ ಮಾಡಿ ಒಂದು ಮಳೆಗಾಲ ಕಾಯಬೇಕು. ಎಲ್ಲ ಕಲ್ಲುಹೂವನ್ನೂ ತೆಗೆಯಲೇಬೇಕೆಂದಿಲ್ಲ ಎಂಬ ಮಾತನ್ನು ಸಸ್ಯತಜ್ಞರು ಗಟ್ಟಿಯಾಗಿ ಹೇಳಿದ್ದು ಒಳ್ಳೆಯದಾಯಿತು. ಕೆತ್ತನೆಯಿಲ್ಲದ ಕಲ್ಲಿನ ಮೇಲೆ ಅದು ಕೂತಿದ್ದರೆ ಕೂತಿರಲಿ.

ಹೆಜ್ಜೇನಿನ ವಿಷಯವೂ ಇಲ್ಲೇ ಬರುತ್ತದೆ. ಗೋಪುರ, ಸೂರಿನಡಿ ಕಟ್ಟುವ ಗೂಡಿಗೆ ಹೊಗೆ ಹಾಕಿಸುವುದು ಹಳೇ ರೂಢಿ. ಹೊಗೆಯ ಮಸಿ ಕಲ್ಲಿಗೆ ಹಿಡಿಯುತ್ತದೆ, ಕೆರಳಿದ ಹುಳ ಪ್ರವಾಸಿಗರ ಮೇಲೆ ಬೀಳುತ್ತದೆ. ಹೆಜ್ಜೇನು ಋತುವಿಗೆ ತಕ್ಕಂತೆ ಜಾಗ ಬದಲಿಸುವ ಹುಳ. ಹೂಮಳೆ ಬಿದ್ದು ಕಾಫಿ ಅರಳುವಾಗ ಅದರಿಂದ ತೋಟಕ್ಕೂ ಲಾಭ, ರೋಬಸ್ಟಾ ಕಾಫಿಗಂತೂ ಬೇರೆ ಗಿಡದ ಪರಾಗ ಬಂದು ಸೇರಲೇಬೇಕು. ಗೂಡಿರುವಷ್ಟು ದಿನ ಆ ಬದಿಗೆ ಹಗ್ಗ ಕಟ್ಟಿ, ಪ್ರದಕ್ಷಿಣೆಯ ದಾರಿ ಬದಲಿಸಿ, ಹುಳ ಬಿಟ್ಟುಹೋದ ಮೇಲೆ ಮೇಣವನ್ನು ಮರದ ಅಲಗಿನಿಂದ ತೆಗೆಯುವುದು ಸರಿಯಾದ ದಾರಿ.

ಬಲ್ಲಾಳರಾಯನ ದುರ್ಗಕ್ಕೆ ಒಂದು ದಿನ ಸಾಲದು. ಕಣಿವೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ಕಾಡು, ಹುಲ್ಲುಗಾವಲಿನ ನೆತ್ತಿಯ ಮೇಲೆ ಬಿದ್ದ ಕೋಟೆಗೋಡೆ. ಕಾಡ್ಗಿಚ್ಚು ಹರಡದಂತೆ ಬೇಸಗೆಗೆ ಮೊದಲು ಬೆಂಕಿ ರೇಖೆ ಸವರುವುದು ಅರಣ್ಯದವರಿಗೆ ಅನಿವಾರ್ಯ, ಆ ರೇಖೆ ಗೋಡೆಯ ಬುಡದಲ್ಲೇ ಹೋದರೆ ಗುದ್ದಲಿ ಹಳೇ ಪಾಯಕ್ಕೆ ತಾಗುತ್ತದೆ. ಉರುಳಿಬಿದ್ದ ಕೋಟೆ ಕಲ್ಲನ್ನು ಎತ್ತಿ ತಡೆಗೋಡೆಗೆ ಬಳಸುವುದು, ಆನೆ ಕಂದಕ ತೋಡುವಾಗ ಊರವರು ಪಾಂಡವರ ಮನೆ ಎನ್ನುವ ಬೃಹತ್ ಶಿಲಾ ಸಮಾಧಿಗಳನ್ನು ಸೀಳಿಕೊಂಡು ಹೋಗುವುದು, ಇವೆಲ್ಲ ದುರುದ್ದೇಶದಿಂದ ಆಗುವುದಲ್ಲ. ವಾಚರ್‌ಗೆ ಅದು ಏನೆಂದು ಯಾರೂ ತೋರಿಸಿರುವುದಿಲ್ಲ. ಗಸ್ತಿನ ಆ್ಯಪಿನಲ್ಲಿ ಹೆಜ್ಜೆಗುರುತು, ಲದ್ದಿ ದಾಖಲಿಸುವ ಸಿಬ್ಬಂದಿಗೆ ವೀರಗಲ್ಲು, ಮಾಸ್ತಿಕಲ್ಲು, ಕಲ್ಲುಗುಡ್ಡೆಗಳ ಫೋಟೊ ಮತ್ತು ಜಿಪಿಎಸ್ ಅಂಕಿ ಸೇರಿಸುವ ಅಭ್ಯಾಸ ಮಾಡಿಸಿದ್ದು ಈ ದಿನದ ನಿಜವಾದ ಗಳಿಕೆ. ಆನೆ ಕಂದಕದ ಜಾಡು ನಿಗದಿಯಾಗುವ ಮೊದಲು ಆ ಪಟ್ಟಿ ನೋಡಿದರೆ ಸಾಕು, ಹತ್ತು ಅಡಿ ಪಕ್ಕಕ್ಕೆ ಸರಿಸಿ ಉಳಿಸಬಹುದು.

ಎಲ್ಲಿ ಸೋತಿದೆ

ಕಾನೂನಿಗೆ ಕೊಟ್ಟದ್ದು ಒಂದು ಮಧ್ಯಾಹ್ನ. ಕಾಯ್ದೆಗಳ ಹೆಸರು, ವರ್ಷ ಓದಿ ಮುಗಿಸಿದರು: 1958ರ ಸ್ಮಾರಕಗಳ ಕಾಯ್ದೆ, 1961ರ ರಾಜ್ಯ ಕಾಯ್ದೆ, 1972ರ ವನ್ಯಜೀವಿ, 1976ರ ಮರಗಳ ಕಾಯ್ದೆ, 1980ರ ಅರಣ್ಯ ಸಂರಕ್ಷಣೆ, 2002ರ ಜೀವವೈವಿಧ್ಯ, 2006ರ ಅರಣ್ಯ ಹಕ್ಕು. ಕೆಲಸದಲ್ಲಿರುವವರಿಗೆ ಬೇಕಾದದ್ದು ಹೆಸರಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ 100 ಮೀಟರ್ ನಿಷೇಧಿತ ಪ್ರದೇಶವನ್ನು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಬೇಕು, ಅದರಾಚೆಗಿನ 200 ಮೀಟರ್ ನಿಯಂತ್ರಿತ ಎಂಬುದನ್ನು ನಕ್ಷೆಯ ಮೇಲೆ ಎಳೆಸಿ ತೋರಿಸಬೇಕಿತ್ತು. 2010ರ ತಿದ್ದುಪಡಿಯಲ್ಲಿ ಚರಂಡಿಯ ನಿರ್ವಹಣೆ, ಶುಚಿ ಮಾಡುವುದು 'ನಿರ್ಮಾಣ'ದ ವ್ಯಾಖ್ಯೆಯಿಂದ ಹೊರಗಿದೆ. ಆದರೆ ಸಂರಕ್ಷಿತ ಪ್ರದೇಶದ ಒಳಗೆ ಅಗೆಯಲು ಅನುಮತಿ ಬೇಕೇಬೇಕು. ಈ ವ್ಯತ್ಯಾಸ ಗೊತ್ತಿಲ್ಲದ ಪಿಡಿಒ ಹೆದರಿ ಚರಂಡಿ ಮುಟ್ಟದೆ ಬಿಡುತ್ತಾರೆ, ನೀರು ಗುಡಿಯ ಬುಡಕ್ಕೆ ನುಗ್ಗುತ್ತದೆ. ಯಾವ ಕೆಲಸಕ್ಕೆ ಯಾರ ಅನುಮತಿ, ಅರ್ಜಿ ಯಾವ ತಿಂಗಳಲ್ಲಿ ಹಾಕಿದರೆ ಮಳೆಗೆ ಮೊದಲು ಕೈಗೆ ಬರುತ್ತದೆ ಎಂಬ ಒಂದು ಪುಟದ ಪಟ್ಟಿ ಕೊಟ್ಟಿದ್ದರೆ ಆ ಮಧ್ಯಾಹ್ನ ಸಾರ್ಥಕವಾಗುತ್ತಿತ್ತು.

ಅಂದಾಜುಪಟ್ಟಿಯದು ಇನ್ನೂ ದೊಡ್ಡ ಕೊರತೆ. ಕೊನೆಯ ಎರಡು ದಿನ ಬರೆಸುವ ಯೋಜನೆಯಲ್ಲಿ ಎಲ್ಲ ಇದೆ, ದರ ಇಲ್ಲ. ಬೇರಿನ ಪೊಳ್ಳಿಗೆ ಎರಡು ಬೇಸಗೆ ಗಾರೆ ಇಳಿಸುವ ಕೆಲಸವನ್ನು ಒಂದು ವರ್ಷದ ಟೆಂಡರ್‌ನಲ್ಲಿ ಹೇಗೆ ಕೂರಿಸುವುದು? ಅನುದಾನ ಮಾರ್ಚ್ ಒಳಗೆ ಖರ್ಚಾಗಬೇಕು, ಸುಣ್ಣದ ಕೆಲಸ ನವೆಂಬರ್‌ಗೆ ಮೊದಲು ಶುರುವಾಗುವಂತಿಲ್ಲ. ಇರುವ ಅವಧಿ ಐದೇ ತಿಂಗಳು. ಸುಣ್ಣವನ್ನು ಆಗಸ್ಟ್‌ನಲ್ಲೇ ನೀರಿನಲ್ಲಿ ನೆನೆಹಾಕಲು ಪ್ರತ್ಯೇಕ ಸಣ್ಣ ಖರೀದಿ ಆದೇಶ ತೆಗೆದುಕೊಳ್ಳಬೇಕು ಎಂಬಂಥ ಕಚೇರಿ ಬುದ್ಧಿ ಇಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಸುಣ್ಣದ ಕಾರ್ಯಾಗಾರವೇ ಇದಕ್ಕೆ ಉದಾಹರಣೆ. ಮಾರುಕಟ್ಟೆಯ ಚೀಲದ ಸುಣ್ಣವನ್ನು ಹಿಂದಿನ ರಾತ್ರಿ ನೆನೆಹಾಕಿ ಬೆಳಿಗ್ಗೆ ಗಾರೆ ಕಲಸಿಸಿದರು. ಸುಟ್ಟ ಸುಣ್ಣದ ಕಲ್ಲು ನೀರಿನಡಿ ಕೆಲವು ವಾರವಾದರೂ ಇರಬೇಕು, ಇಲ್ಲದಿದ್ದರೆ ಅರಳದೆ ಉಳಿದ ಕಾಳುಗಳು ಗೋಡೆಯಲ್ಲಿ ಆಮೇಲೆ ಅರಳಿ ಗಾರೆಯನ್ನು ಸಿಡಿಸುತ್ತವೆ. 1ಕ್ಕೆ 3 ಮರಳು ಎಂದು ಕಲಿಸಿದ್ದು ಬಯಲುಸೀಮೆಗೆ ಸರಿ. ಮಲೆನಾಡಿನ ತೇವದಲ್ಲಿ ಬರೀ ಸುಣ್ಣ ಗಟ್ಟಿಯಾಗುವುದು ತೀರ ನಿಧಾನ, ಮರಳಿನ ಒಂದು ಪಾಲನ್ನು ಇಟ್ಟಿಗೆ ಪುಡಿಗೆ ಬದಲಿಸಬೇಕು, ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಬೇಕು. ಬೆಲ್ಲದ ನೀರು, ಅಳಲೆಕಾಯಿ ರಸ ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರಲಿಲ್ಲ. ಈ ಜಿಲ್ಲೆಗಳಲ್ಲಿ ಗಾರೆ ಕೆಲಸ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರನ್ನು ದಿನಗೂಲಿ ಕೊಟ್ಟು ಗುರುವಾಗಿ ಕರೆಸಬೇಕಿತ್ತು.

ಅಂಗಡಿ ಗ್ರಾಮದ ಭೇಟಿಯಲ್ಲಿ ಮುಖ್ಯವಾದವರೇ ಇರಲಿಲ್ಲ. ವಾಸಂತಿಕಾ ದೇವಿಯ ಗುಡಿ, ಬಸದಿಗಳ ಸುತ್ತ ಇರುವುದು ತೋಟ. ನೆರಳಿನ ಮರ ಕಡಿಯುವುದು, ಹೊಸ ರಸ್ತೆ ಎಳೆಯುವುದು, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಬಿಡುವುದು ಇವನ್ನೆಲ್ಲ ತೀರ್ಮಾನಿಸುವವರು ತೋಟದ ಮಾಲೀಕರು ಮತ್ತು ತೋಟ ನೋಡಿಕೊಳ್ಳುವ ರೈಟರುಗಳು. ಅವರು, ಅರ್ಚಕರು, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯವರು ಅರ್ಧ ದಿನವಾದರೂ ಒಟ್ಟಿಗೆ ಕೂರಬೇಕು. ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ದೇವರಬನ, ಕಲ್ಯಾಣಿ, ಹಳೇ ಮರಗಳ ಜೊತೆ ಶಾಸನ, ವೀರಗಲ್ಲುಗಳನ್ನೂ ಬರೆಯಲು ಯಾವ ಅಡ್ಡಿಯೂ ಇಲ್ಲ, ಈ ಸುಲಭದ ದಾರಿ ಪಾಠದಲ್ಲಿ ಬಂದೇ ಇಲ್ಲ.

ಕುದುರೆಮುಖವನ್ನು ಪೂರ್ತಿ ಬಿಟ್ಟದ್ದು ನಮಗೆ ಬೇಸರ ತಂದಿತು. 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಕಾಡಿನ ನಡುವೆ ಉಳಿದ ಗಣಿ ಮತ್ತು ಪಟ್ಟಣದಲ್ಲಿ ಯಾವುದನ್ನು ಕಾಡಿಗೆ ಬಿಡಬೇಕು, ಯಾವುದನ್ನು ಕೈಗಾರಿಕಾ ಪರಂಪರೆ ಎಂದು ಉಳಿಸಬೇಕು ಎಂಬುದಕ್ಕಿಂತ ಕಠಿಣವಾದ, ಕಲಿಯಲು ಯೋಗ್ಯವಾದ ಪ್ರಶ್ನೆ ಈ ಭಾಗದಲ್ಲಿ ಇನ್ನೊಂದಿಲ್ಲ. ಅದರ ಬದಲು ಶೆಟ್ಟಿಹಳ್ಳಿಯ ಚರ್ಚಿನ ಬಳಿ ಒಂದು ಸಂಜೆ ಫೋಟೊಗೆ ಹೋಯಿತು. ಹೇಮಾವತಿ ಜಲಾಶಯದ ನೀರು ಏರಿ ಇಳಿದಂತೆ ಆ ಗೋಡೆ ನೆನೆದು ಒಣಗಿ ಸವೆಯುವುದನ್ನು ಅಲ್ಲಿ ಪಾಠವಾಗಿಯೇ ಮಾಡಬಹುದಿತ್ತು.

ಇನ್ನು ಹೋಗುವವರಿಗೆ. ವರ್ಷಕ್ಕೆ ಎರಡು ತಂಡ, ಒಂದು ಜುಲೈ, ಒಂದು ಡಿಸೆಂಬರ್. ಸಂರಕ್ಷಣಾ ಸಿಬ್ಬಂದಿ ಡಿಸೆಂಬರ್ ಆರಿಸಿಕೊಳ್ಳಿ, ಗಾರೆ, ಬೇರಿನ ಕೈಕೆಲಸ ಆಗ ಮಾತ್ರ ನಡೆಯುತ್ತದೆ. ಎಂಜಿನಿಯರುಗಳು, ಕೆರೆ, ಚರಂಡಿ ನೋಡುವವರು ಜುಲೈ ಆರಿಸಿದರೆ ನೀರು ಎಲ್ಲಿಂದ ನುಗ್ಗುತ್ತದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಇಂಬಳಕ್ಕೆ ಉದ್ದ ಕಾಲುಚೀಲ, ಜಾರದ ಬೂಟು ನೀವೇ ತರಬೇಕು. ಶುಲ್ಕದಲ್ಲಿ ಊಟ, ವಸತಿ, ಬಸ್ಸು ಸೇರಿದೆ, ಹೆಲ್ಮೆಟ್ಟು ಸೇರಿಲ್ಲ. ಪಾಠ ಕನ್ನಡದಲ್ಲೇ ನಡೆದರೂ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿವೆ, ವಾಚರ್ ಮತ್ತು ಗಾರ್ಡ್‌ಗಳನ್ನು ಕಳಿಸುವ ಕಚೇರಿ ಮೊದಲೇ ಕನ್ನಡ ಪ್ರತಿ ಕೇಳಿ ಪಡೆಯಬೇಕು. ಬರುವಾಗ ನಿಮ್ಮ ಸ್ಥಳದ ಗ್ರಾಮನಕ್ಷೆ, ಸರ್ವೆ ನಂಬರುಗಳು, ಸಂರಕ್ಷಿತ ಪ್ರದೇಶದ ಅಧಿಸೂಚನೆಯ ಪ್ರತಿ ತನ್ನಿ. ಕೊನೆಯ ಎರಡು ದಿನ ಹಳೇಬೀಡಿನ ಮಾದರಿ ಯೋಜನೆ ಬರೆಯುವ ಬದಲು ನಿಮ್ಮದೇ ಸ್ಥಳದ್ದನ್ನು ಬರೆಯಲು ಕೇಳಿದರೆ ಒಪ್ಪುತ್ತಾರೆ.